ಒಂದು ಗಂಟೆಯ ಹಾರಾಟ, ಒಬ್ಬ ಅಮುಂಡ್‌ಸೆನ್ ಮತ್ತು ನಾವು ಮರೆತ ಮೇಷ್ಟ್ರುಗಳು

ಕೆನಡಾದ ಉತ್ತರದ ತುದಿಯಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಮೇಲೆ, ಎರಡು ಸಣ್ಣ ವಿಮಾನ ನಿಲ್ದಾಣಗಳಿವೆ. ಒಂದರ ಹೆಸರು ಜೋ ಹೇವನ್, ಇನ್ನೊಂದು ಕೇಂಬ್ರಿಜ್ ಬೇ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಇವೆರಡರ ನಡುವೆ ಸುಮಾರು 375 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದಷ್ಟು ದೂರ ಅಂತಿಟ್ಟುಕೊಳ್ಳಿ. ನಮ್ಮ ಸಣ್ಣ ಊರುಗಳಿಗೆ ಹಾರುವ ಎಟಿಆರ್ ವಿಮಾನ ಇದೆಯಲ್ಲ, ಅಂಥದ್ದೇ ರೆಕ್ಕೆ-ಫ್ಯಾನಿನ ವಿಮಾನದಲ್ಲಿ ಹೋದರೆ ಹೆಚ್ಚುಕಮ್ಮಿ ಒಂದು ಗಂಟೆ. ಎರಡು ಊರುಗಳ ನಡುವೆ ರಸ್ತೆ ಇಲ್ಲ, ರೈಲಿನ ಮಾತೇ ಇಲ್ಲ. ವರ್ಷದ ಬಹುಪಾಲು ಸಮುದ್ರವೂ ಹೆಪ್ಪುಗಟ್ಟಿರುತ್ತೆ.

ಈ ಒಂದು ಗಂಟೆಯ ದಾರಿಯ ಬಗ್ಗೆ ಬರೆಯೋಕೆ ನನಗಿರುವ ಕಾರಣ ರೋಲ್ಡ್ ಅಮುಂಡ್‌ಸೆನ್. ದಕ್ಷಿಣ ಧ್ರುವಕ್ಕೆ ಮೊದಲು ಕಾಲಿಟ್ಟವನು ಅಂತ ಶಾಲೆಯ ಸಾಮಾನ್ಯ ಜ್ಞಾನದಲ್ಲಿ ಕಲಿತು, ಪರೀಕ್ಷೆ ಮುಗಿದ ಮೇಲೆ ನಾವು ಮರೆತುಬಿಡುವ ಹೆಸರು. ಆದರೆ ಅವನ ಬದುಕನ್ನು ಸರಿಯಾಗಿ ಓದಬೇಕು ಅಂದ್ರೆ ದಕ್ಷಿಣ ಧ್ರುವದಿಂದ ಶುರು ಮಾಡಬಾರದು ಅನ್ನೋದು ನನ್ನ ವಾದ. ಈ ಎರಡು ಊರುಗಳಿಂದ ಶುರು ಮಾಡಬೇಕು. ಒಂದು ಊರಲ್ಲಿ ಅವನು ಎರಡು ವರ್ಷ ಕೂತು ಪಾಠ ಕಲಿತ. ಇನ್ನೊಂದು ಊರಿನ ಕೊಲ್ಲಿಯಲ್ಲಿ, ಸಾಲಗಾರರ ಪಾಲಾದ ಅವನ ಹಡಗು ಮುಳುಗಿತು. ಅವನನ್ನು ಬೆಳೆಸಿದ್ದು, ಅವನು ಕಳಕೊಂಡಿದ್ದು ಎರಡೂ ಈ 375 ಕಿ.ಮೀ. ಒಳಗೇ ಇವೆ.

ಸಾಲಗಾರರ ಕಣ್ಣು ತಪ್ಪಿಸಿ ಹೊರಟವನು

ಅಮುಂಡ್‌ಸೆನ್ ಹುಟ್ಟಿದ್ದು 1872ರ ಜುಲೈ 16ರಂದು, ನಾರ್ವೆಯ ಬೋರ್ಗೆ ಎಂಬಲ್ಲಿ. ಅಪ್ಪನ ಮನೆತನದವರು ಹಡಗಿನ ಮಾಲೀಕರು, ಕ್ಯಾಪ್ಟನ್‌ಗಳು. ಅವನಿಗೆ 14 ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡರು. ಮಗ ಡಾಕ್ಟರ್ ಆಗಬೇಕು ಅನ್ನೋದು ಅಮ್ಮನ ಆಸೆ. ಅವನು ಓದಿದಂತೆ ಮಾಡ್ತಾ, ಒಳಗೊಳಗೇ ಧ್ರುವಯಾತ್ರೆಯ ಪುಸ್ತಕಗಳಲ್ಲಿ ಮುಳುಗಿದ್ದ. 1893ರಲ್ಲಿ ಅಮ್ಮನೂ ಹೋದ ಮೇಲೆ ವೈದ್ಯಕೀಯ ಓದಿಗೆ ಕೈಮುಗಿದು ಸಮುದ್ರ ಸೇರಿದ.

ಅವನ ತಲೆ ಕೆಡಿಸಿದ್ದು ಜಾನ್ ಫ್ರಾಂಕ್ಲಿನ್ ಎಂಬ ಬ್ರಿಟಿಷ್ ನೌಕಾಧಿಕಾರಿಯ ಕಥೆ. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ, ಅಮೆರಿಕ ಖಂಡದ ನೆತ್ತಿಯ ಮೇಲಿಂದ ಹಾದುಹೋಗುವ ಜಲಮಾರ್ಗ ಒಂದಿದೆ ಅಂತ ಯುರೋಪಿನವರು ಶತಮಾನಗಳಿಂದ ಹುಡುಕುತ್ತಿದ್ದರು. ಅದಕ್ಕೆ ವಾಯುವ್ಯ ಮಾರ್ಗ ಅಂತ ಹೆಸರು. 1845ರಲ್ಲಿ ಫ್ರಾಂಕ್ಲಿನ್ ಎರೆಬಸ್, ಟೆರರ್ ಎಂಬ ಎರಡು ದೊಡ್ಡ ಯುದ್ಧನೌಕೆಗಳಲ್ಲಿ ಅದನ್ನು ಹುಡುಕಿ ಹೊರಟ. ಉಗಿ ಇಂಜಿನ್ ಇತ್ತು, ವರ್ಷಗಟ್ಟಲೆಗೆ ಸಾಲುವಷ್ಟು ಡಬ್ಬಿ ಆಹಾರ ಇತ್ತು, ಹಿಂದೆ ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯ ಇತ್ತು. ಕಿಂಗ್ ವಿಲಿಯಂ ದ್ವೀಪದ ಹತ್ತಿರ ಹಡಗುಗಳು ಮಂಜಿನಲ್ಲಿ ಸಿಕ್ಕಿಬಿದ್ದವು. 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ.

ಈ ದುರಂತ ಓದಿ ಬೇರೆ ಹುಡುಗರು ಹೆದರ್ತಿದ್ದರೇನೋ. ಅಮುಂಡ್‌ಸೆನ್‌ಗೆ ಅಲ್ಲಿಗೇ ಹೋಗಬೇಕು ಅನ್ನಿಸಿತು. ಆದರೆ ಅವನ ಜಾಣತನ ಬೇರೆ ಥರದ್ದು. 1897ರಿಂದ 1899ರವರೆಗೆ ಬೆಲ್ಜಿಕಾ ಹಡಗಿನಲ್ಲಿ ಅಂಟಾರ್ಕ್ಟಿಕಕ್ಕೆ ಹೋಗಿದ್ದ. ಆ ಹಡಗು ಮಂಜಿನಲ್ಲಿ ಸಿಕ್ಕಿ, ಇಡೀ ಚಳಿಗಾಲ ಅಲ್ಲೇ ಕಳೆಯಬೇಕಾಯಿತು. ಜನಕ್ಕೆ ಸ್ಕರ್ವಿ ರೋಗ ಹಿಡಿಯಿತು. ಹಡಗಿನ ವೈದ್ಯ ಫ್ರೆಡರಿಕ್ ಕುಕ್, ಸೀಲ್ ಮತ್ತು ಪೆಂಗ್ವಿನ್‌ನ ತಾಜಾ ಮಾಂಸ ತಿನ್ನಿ ಅಂತ ಹಟ ಹಿಡಿದ, ತಿಂದವರು ಚೇತರಿಸಿಕೊಂಡರು. ಶೀತಪ್ರದೇಶದಲ್ಲಿ ಬದುಕುವ ವಿದ್ಯೆ ಯುರೋಪಿನ ಡಬ್ಬಿಗಳಲ್ಲಿ ಇಲ್ಲ, ಅಲ್ಲಿನ ನೆಲ-ನೀರಿನಲ್ಲಿದೆ ಅನ್ನೋದನ್ನು ಆ 25ರ ಯುವಕ ಅವತ್ತು ಕಣ್ಣಾರೆ ಕಂಡ.

ಅವನು ಕೊಂಡ ಹಡಗಿನ ಹೆಸರು ಯೋವಾ. ಹೆರಿಂಗ್ ಮೀನು ಹಿಡಿಯೋಕೆ ಅಂತ ಕಟ್ಟಿದ್ದ, 21 ಮೀಟರ್ ಉದ್ದದ, 47 ಟನ್ನಿನ ದೋಣಿ ಅನ್ನಬಹುದು. ಅವನು ಹುಟ್ಟಿದ ವರ್ಷವೇ ಕಟ್ಟಿದ್ದು. 13 ಅಶ್ವಶಕ್ತಿಯ ಸಣ್ಣ ಇಂಜಿನ್, ಅವನೂ ಸೇರಿ ಏಳೇ ಜನ. ಯಾತ್ರೆಗೆ ಮಾಡಿದ ಸಾಲ ಕತ್ತಿನವರೆಗೆ ಬಂದಿತ್ತು. ಸಾಲಗಾರರು ಬಂದು ಹಡಗು ಹಿಡಿದುಕೊಳ್ಳೋ ಮುಂಚೆ, 1903ರ ಜೂನ್ 16ರ ರಾತ್ರಿ, ಈಗ ಓಸ್ಲೋ ಅಂತ ಕರೆಯುವ ಕ್ರಿಸ್ಟಿಯಾನಿಯಾ ಬಂದರಿನಿಂದ ಮಳೆಯಲ್ಲೇ ಜಾರಿಕೊಂಡ. ಸಾಲ ಅವನ ಬದುಕಿನ ಖಾಯಂ ಸಂಗಾತಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಉಕ್ಸುಕ್ತೂಕ್‌ನ ಶಾಲೆ

1903ರ ಸೆಪ್ಟೆಂಬರ್‌ನಲ್ಲಿ ಯೋವಾ ಹಡಗು ಕಿಂಗ್ ವಿಲಿಯಂ ದ್ವೀಪದ ಆಗ್ನೇಯ ದಡದ ಪುಟ್ಟ ಕೊಲ್ಲಿಯೊಂದಕ್ಕೆ ಬಂದು ಲಂಗರು ಹಾಕಿತು. ಹಡಗಿನ ಹೆಸರನ್ನೇ ಜಾಗಕ್ಕೂ ಇಟ್ಟರು. ಇಂಗ್ಲಿಷರ ಬಾಯಲ್ಲಿ ಅದು ಜೋ ಹೇವನ್ ಆಯಿತು. ಆದರೆ ಜಾಗಕ್ಕೆ ಹೆಸರೇ ಇರಲಿಲ್ಲ ಅಂತೇನೂ ಅಲ್ಲ. ಅಲ್ಲಿನ ನೆಟ್ಸಿಲಿಕ್ ಇನುಯಿಟ್ ಜನ ಅದನ್ನು ಉಕ್ಸುಕ್ತೂಕ್ ಅಂತಿದ್ದರು; ಕೊಬ್ಬು ಹೇರಳವಾಗಿ ಸಿಗುವ ಜಾಗ ಅಂತ ಅರ್ಥ. ಫ್ರಾಂಕ್ಲಿನ್‌ನ ಜನ ಹಸಿದು ಸತ್ತ ದ್ವೀಪದಲ್ಲೇ, ಹೇರಳ ಅನ್ನೋ ಹೆಸರಿನ ಊರು! ಯಾರ ಕಣ್ಣಿಗೆ ಆ ನೆಲ ಬರಡಾಗಿ ಕಂಡಿತ್ತು, ಯಾರ ಹೊಟ್ಟೆ ತುಂಬಿಸಿತ್ತು ಅನ್ನೋದು ಈ ಒಂದು ಹೆಸರಲ್ಲೇ ಗೊತ್ತಾಗುತ್ತೆ.

ಅಮುಂಡ್‌ಸೆನ್ ಅಲ್ಲಿ ಉಳಿದಿದ್ದು ಸುಮಾರು 23 ತಿಂಗಳು. ಘೋಷಿತ ಉದ್ದೇಶ ವಿಜ್ಞಾನ. ದಿಕ್ಸೂಚಿ ಕೆಳಮುಖವಾಗಿ ನೆಟ್ಟಗೆ ನಿಲ್ಲುವ ಉತ್ತರ ಕಾಂತಧ್ರುವವನ್ನು 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅಲ್ಲೇ ಹತ್ತಿರದಲ್ಲಿ ಗುರುತಿಸಿದ್ದ. ಅದು ಅಲ್ಲೇ ಇದೆಯಾ, ಸರಿದಿದೆಯಾ ಅಂತ ತಿಂಗಳುಗಟ್ಟಲೆ ಅಳತೆ ತೆಗೆದರು. ಸರಿದಿತ್ತು. ಕಾಂತಧ್ರುವ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಅದು ಗಟ್ಟಿ ಪುರಾವೆ. ಇವತ್ತಿಗೂ ಆ ಭಾಗದಲ್ಲಿ ಪೈಲಟ್‌ಗಳು ಕಾಂತೀಯ ಉತ್ತರವನ್ನು ನಂಬಲ್ಲ, ಭೂಗೋಳದ ನಿಜ ಉತ್ತರವನ್ನೇ ಲೆಕ್ಕಕ್ಕೆ ಹಿಡಿದು ಹಾರುತ್ತಾರೆ. ರನ್‌ವೇಗಳಿಗೆ ನಂಬರ್ ಕೊಡುವುದೂ ಅದೇ ಲೆಕ್ಕದಲ್ಲಿ.

ಆದರೆ ಆ ಎರಡು ವರ್ಷದ ದೊಡ್ಡ ಗಳಿಕೆ ಕಾಂತಧ್ರುವ ಅಲ್ಲ. ತೆರಾಯು ಎಂಬ ಹಿರಿಯ ನೆಟ್ಸಿಲಿಕ್ ವ್ಯಕ್ತಿ ಈ ನಾರ್ವೆಯವರಿಗೆ ಹಿಮದ ಇಟ್ಟಿಗೆ ಕತ್ತರಿಸಿ ಇಗ್ಲೂ ಕಟ್ಟೋದು ಹೇಗೆ ಅಂತ ಕಲಿಸಿದ. ಕಟ್ಟೋದು, ಕುಸಿಯೋದು, ಮತ್ತೆ ಕಟ್ಟೋದು, ಹೀಗೆ ದಿನಗಟ್ಟಲೆ ನಡೀತು. ಉಣ್ಣೆ ಬಟ್ಟೆ ಬೆವರು ಹೀರಿ ಹೆಪ್ಪುಗಟ್ಟುತ್ತೆ. ಕ್ಯಾರಿಬೂ ಎಂಬ ಜಿಂಕೆಯ ಚರ್ಮದ ಬಟ್ಟೆಯನ್ನು ಸಡಿಲವಾಗಿ, ಎರಡು ಪದರವಾಗಿ ಹಾಕಿದರೆ ಒಳಗೆ ಗಾಳಿ ಆಡುತ್ತೆ, ಮೈ ಬೆಚ್ಚಗಿರುತ್ತೆ ಅನ್ನೋದನ್ನು ಕಲಿತರು. ಜಾರುಬಂಡಿಯ ಅಡಿಗೆ ನೀರು ಸವರಿ ತೆಳುವಾದ ಮಂಜಿನ ಪದರ ಕಟ್ಟಿಸಿದರೆ ಕೊರೆಯುವ ಚಳಿಯಲ್ಲೂ ಸರಾಗ ಜಾರುತ್ತೆ ಅಂತ ಕಲಿತರು. ನಾಯಿಗಳನ್ನು ಓಡಿಸೋದು, ಬೆವರದ ಹಾಗೆ ಕೆಲಸ ಮಾಡೋದು, ಹಿಮಗಾಳಿ ಎದ್ದಾಗ ಹಟ ಹಿಡಿಯದೆ ಕೂರೋದು ಕೂಡ ಅಲ್ಲಿನ ಪಾಠವೇ.

ಇದನ್ನು ಸ್ನೇಹದ ಸುಂದರ ಕಥೆ ಮಾಡಿ ಬಿಡೋದು ಬೇಡ. ಸೂಜಿ, ಕಬ್ಬಿಣ, ಮರದ ತುಂಡು ಕೊಟ್ಟು, ಬದಲಿಗೆ ಚರ್ಮದ ಬಟ್ಟೆ, ಆಯುಧ, ಮನೆಬಳಕೆಯ ಸಾಮಾನು ಹೀಗೆ ನೂರಾರು ವಸ್ತು ತಗೊಂಡ. ತಮ್ಮ ಬಲ ತೋರಿಸೋಕೆ ಯಾರೂ ಇಲ್ಲದ ಹಿಮಮನೆಯೊಂದನ್ನು ಸಿಡಿಮದ್ದಿಟ್ಟು ಹಾರಿಸಿ, ಅಲ್ಲಿನ ಜನರನ್ನು ಹೆದರಿಸಿದ್ದೂ ಉಂಟು. ಆ ವಸ್ತುಗಳು ಓಸ್ಲೋದ ಮ್ಯೂಸಿಯಂ ಸೇರಿದವು. ಅವುಗಳಲ್ಲಿ ಕೆಲವು ಜೋ ಹೇವನ್‌ಗೆ ವಾಪಸ್ ಬಂದಿದ್ದು 2013ರಲ್ಲಿ, 100 ವರ್ಷದ ಮೇಲೆ. ಅಷ್ಟಾದರೂ ಒಂದು ಮಾತು ಒಪ್ಪಬೇಕು. ಅವನ ಕಾಲದ ಬಿಳಿಯ ಯಾತ್ರಿಕರಲ್ಲಿ ಬಹಳಷ್ಟು ಜನ ಇನುಯಿಟರನ್ನು ಅನಾಗರಿಕರು ಅಂತ ಕಡೆಗಣಿಸುವಾಗ, ಇವನು ಅವರ ಮುಂದೆ ವಿದ್ಯಾರ್ಥಿಯಾಗಿ ಕೂತ. ನಿಜವಾಗಿ ಕೂತ.

ನಾಲ್ಕು ದಿನ

1905ರ ಆಗಸ್ಟ್ 13ರಂದು ಯೋವಾ ಮತ್ತೆ ಹೊರಟಿತು. ಹಡಗಿನಲ್ಲಿ ಈ ಸಲ ಒಬ್ಬ ಹೆಚ್ಚುವರಿ ಹುಡುಗ ಇದ್ದ. ಹೆಸರು ಮಾನ್ನಿ, ನೆಟ್ಸಿಲಿಕ್ ಹುಡುಗ, ಹೊರಗಿನ ಜಗತ್ತು ನೋಡೋಕೆ ಹೊರಟವನು.

ಸಿಂಪ್ಸನ್ ಜಲಸಂಧಿ ಬಹಳ ಆಳವಿಲ್ಲದ, ಕಲ್ಲುಬಂಡೆಗಳ ದಾರಿ. ಕೆಲವು ಕಡೆ ಹಡಗಿನ ಅಡಿಗೂ ಸಮುದ್ರದ ತಳಕ್ಕೂ ನಡುವೆ ಗೇಣು ನೀರೂ ಇರಲಿಲ್ಲ. ಒಬ್ಬ ಕಂಬದ ತುದಿಯಲ್ಲಿ ಕೂತು ನೋಡೋದು, ಇನ್ನೊಬ್ಬ ಆಳ ಅಳೆಯೋದು, ಇಂಚಿಂಚೇ ಸಾಗೋದು. ಫ್ರಾಂಕ್ಲಿನ್‌ನ ದೊಡ್ಡ ಹಡಗುಗಳು ಇಲ್ಲಿ ಬಂದಿದ್ದರೂ ತೂರುತ್ತಿರಲಿಲ್ಲ. ಆಗಸ್ಟ್ 17ರಂದು ಅವರು ಕೇಂಬ್ರಿಜ್ ಬೇ ಹತ್ತಿರ ಲಂಗರು ಹಾಕಿದರು. ಇಲ್ಲಿಯವರೆಗೆ ಪಶ್ಚಿಮದ ಕಡೆಯಿಂದ ರಿಚರ್ಡ್ ಕಾಲಿನ್ಸನ್ ಎಂಬಾತ 1852ರಲ್ಲೇ ಹಡಗು ತಂದಿದ್ದ. ಅಂದರೆ ಯಾರ ಹಡಗೂ ದಾಟದೆ ಉಳಿದಿದ್ದ ಕೊನೆಯ ತುಂಡು ಇದೇ. ಶತಮಾನಗಳ ಹುಡುಕಾಟ ಮುಗಿದಿದ್ದು ಈ ನಾಲ್ಕು ದಿನದಲ್ಲಿ.

ಈ ಎರಡು ಊರುಗಳ ನಡುವಿನ ಪ್ರಯಾಣದ ಸಮಯ ಎಷ್ಟು ಅಂತ ಈಗ ಕೇಳಿ. ವಿಮಾನಕ್ಕೆ ಒಂದು ಗಂಟೆ. ಅಮುಂಡ್‌ಸೆನ್‌ಗೆ ನಾಲ್ಕು ದಿನ. ಆದರೆ ಆ ನಾಲ್ಕು ದಿನದ ಹಿಂದೆ 23 ತಿಂಗಳ ಕಲಿಕೆ ಇದೆ, ಅದರ ಹಿಂದೆ ನೆಟ್ಸಿಲಿಕ್ ಜನ ತಲೆಮಾರುಗಳಿಂದ ಕೂಡಿಟ್ಟ ತಿಳಿವಳಿಕೆ ಇದೆ. ಇದನ್ನೆಲ್ಲ ಬಿಟ್ಟು ಬರೀ ನಾಲ್ಕು ದಿನ ಅಂತ ಬರೆದರೆ ಅದು ಲೆಕ್ಕ ಅಲ್ಲ, ಕಳ್ಳಲೆಕ್ಕ. ಇತಿಹಾಸದ ಪುಸ್ತಕಗಳು ಬಹಳ ಕಾಲ ಬರೆದಿದ್ದು ಅದನ್ನೇ.

ಆಗಸ್ಟ್ 26ರಂದು ಎದುರಿಗೆ ಸ್ಯಾನ್ ಫ್ರಾನ್ಸಿಸ್ಕೋದ ತಿಮಿಂಗಿಲ ಬೇಟೆಯ ಹಡಗೊಂದು ಕಂಡಿತು. ದಾರಿ ಸಿಕ್ಕಿದ್ದು ಖಚಿತವಾಯಿತು. ಅಷ್ಟರಲ್ಲಿ ಮತ್ತೆ ಮಂಜು ಕಟ್ಟಿ, ಇನ್ನೊಂದು ಚಳಿಗಾಲ ಅಲ್ಲೇ. ಸುದ್ದಿ ತಿಳಿಸೋಕೆ ಟೆಲಿಗ್ರಾಫ್ ಇದ್ದಿದ್ದು ಅಲಾಸ್ಕಾದ ಈಗಲ್ ಎಂಬ ಊರಲ್ಲಿ. ಅಮುಂಡ್‌ಸೆನ್ ಸುಮಾರು 800 ಕಿ.ಮೀ. ಬೆಟ್ಟ-ಹಿಮ ದಾಟಿ, ಡಿಸೆಂಬರ್ 5ಕ್ಕೆ ಅಲ್ಲಿ ತಲುಪಿದ. ತಂತಿ ಕೊಡೋಕೆ ಜೇಬಿನಲ್ಲಿ ಕಾಸಿಲ್ಲ. ತಗೊಂಡವರು ದುಡ್ಡು ಕೊಡಲಿ ಅಂತ ನಾನ್ಸೆನ್‌ಗೆ ಕಳಿಸಿದ. ಸುದ್ದಿ ಮಾರಿ ಸಾಲ ತೀರಿಸುವ ಆಸೆ ಇತ್ತು. ತಂತಿ ದಾರಿಯಲ್ಲೇ ಸೋರಿ, ಅಮೆರಿಕದ ಪತ್ರಿಕೆಗಳು ಪುಕ್ಕಟೆಯಾಗಿ ಛಾಪಿಸಿದವು. ಸುದ್ದಿ ಹಳೇದಾದ ಮೇಲೆ ಯಾರು ದುಡ್ಡು ಕೊಡ್ತಾರೆ?

ಮತ್ತೆ ಮಾನ್ನಿ? ಹೊರಗಿನ ಜಗತ್ತನ್ನು ಅವನು ನೋಡಲೇ ಇಲ್ಲ. 1906ರ ಬೇಸಿಗೆಯಲ್ಲಿ ಹರ್ಷೆಲ್ ದ್ವೀಪದ ಬಳಿ ನೀರಲ್ಲಿ ಮುಳುಗಿ ತೀರಿಕೊಂಡ. ಅದೇ ಆಗಸ್ಟ್ ಕೊನೆಗೆ ಯೋವಾ ಅಲಾಸ್ಕಾದ ನೋಮ್ ತಲುಪಿ ಜೈಕಾರ ಕೇಳಿತು.

ದಕ್ಷಿಣದಲ್ಲಿ ಗೆದ್ದಿದ್ದು ಉತ್ತರದ ಪಾಠ

ದಕ್ಷಿಣ ಧ್ರುವದ ಕಥೆ ನಿಮಗೆ ಗೊತ್ತಿರೋದೇ, ಹಾಗಾಗಿ ಬೇಗ ದಾಟಿಬಿಡ್ತೀನಿ. ಉತ್ತರ ಧ್ರುವಕ್ಕೆ ಹೋಗ್ತೀನಿ ಅಂತ ಹೇಳಿ ಹಣ ಎತ್ತಿದ್ದ. 1909ರಲ್ಲಿ ಕುಕ್ ಮತ್ತು ಪಿಯರಿ ಇಬ್ಬರೂ ತಾವು ಅಲ್ಲಿಗೆ ಹೋಗಿಬಂದೆವು ಅಂತ ಹೇಳಿಕೊಂಡ ಮೇಲೆ, ಯಾರಿಗೂ ಹೇಳದೆ ದಕ್ಷಿಣಕ್ಕೆ ತಿರುಗಿದ. ಅದೇ ಗುರಿ ಇಟ್ಟುಕೊಂಡಿದ್ದ ಬ್ರಿಟನ್ನಿನ ರಾಬರ್ಟ್ ಸ್ಕಾಟ್‌ಗೆ ತಂತಿ ಹೋಗುವಂತೆ ಮಾಡಿ ವಿಷಯ ತಿಳಿಸಿದ. 1911ರ ಡಿಸೆಂಬರ್ 14ರಂದು ಅಮುಂಡ್‌ಸೆನ್ ಮತ್ತು ನಾಲ್ವರು ಸಂಗಡಿಗರು ಧ್ರುವ ಮುಟ್ಟಿದರು. ಸ್ಕಾಟ್ ತಂಡ ಬಂದಿದ್ದು ಐದು ವಾರ ತಡವಾಗಿ. ವಾಪಸ್ ದಾರಿಯಲ್ಲಿ ಐವರೂ ಸತ್ತರು.

ಗೆದ್ದಿದ್ದು ಹೇಗೆ? ಚರ್ಮದ ಬಟ್ಟೆ, ನಾಯಿಬಂಡಿ, ತಾಜಾ ಮಾಂಸ. ಎಲ್ಲವೂ ಉಕ್ಸುಕ್ತೂಕ್‌ನ ಪಠ್ಯದಲ್ಲಿ ಇದ್ದಿದ್ದೇ. ಅಲ್ಲಿ ನೆಟ್ಸಿಲಿಕ್ ಜನರ ಜೊತೆ ನಾಯಿ ಓಡಿಸೋದು ಕಲಿತಿದ್ದ ಹೆಲ್ಮರ್ ಹಾನ್ಸೆನ್ ಧ್ರುವ ಮುಟ್ಟಿದ ಐವರಲ್ಲಿ ಒಬ್ಬ. ಬೆಲೆಯೂ ಇತ್ತು: ಹೊರಟ 52 ನಾಯಿಗಳಲ್ಲಿ ವಾಪಸ್ ಬಂದಿದ್ದು 11. ಉಳಿದವುಗಳಲ್ಲಿ ಬಹುತೇಕವನ್ನು ಲೆಕ್ಕ ಹಾಕಿಯೇ ಕೊಂದು, ಉಳಿದ ನಾಯಿಗಳಿಗೂ ಮನುಷ್ಯರಿಗೂ ಆಹಾರ ಮಾಡಿದ್ದರು. ಧ್ರುವದಲ್ಲಿ ನೆಟ್ಟಿದ್ದು ಮಾತ್ರ ನಾರ್ವೆಯ ಬಾವುಟ. ನಾರ್ವೆ ಸ್ವೀಡನ್ನಿನಿಂದ ಬೇರೆಯಾಗಿ ಸ್ವತಂತ್ರವಾಗಿ ಆರೇ ವರ್ಷ ಆಗಿತ್ತು. ಎಳೆಯ ರಾಷ್ಟ್ರಕ್ಕೆ ವೀರಪುರುಷ ಬೇಕಿತ್ತು, ಸಿಕ್ಕ. ವೀರಪುರುಷನ ಕಥೆಯಲ್ಲಿ ಮೇಷ್ಟ್ರುಗಳಿಗೆ ಜಾಗ ಇರಲ್ಲ.

ಇಬ್ಬರು ಹುಡುಗಿಯರು ಮತ್ತು ಒಂದು ದಿವಾಳಿ

ಅವನ ಮುಂದಿನ ಹಡಗು ಮೌಡ್, ನಾರ್ವೆಯ ರಾಣಿಯ ಹೆಸರು. 1918ರಲ್ಲಿ ಹೊರಟು, ಸೈಬೀರಿಯಾದ ನೆತ್ತಿಯ ಮೇಲಿನ ಈಶಾನ್ಯ ಮಾರ್ಗ ದಾಟಿ 1920ಕ್ಕೆ ಅಲಾಸ್ಕಾ ತಲುಪಿದ. ಮಂಜಿನ ಜೊತೆ ತೇಲುತ್ತಾ ಉತ್ತರ ಧ್ರುವದ ಕಡೆ ಹೋಗುವ ಯೋಜನೆ ಕೈಕೊಟ್ಟಿತು. ಸಾಲ ಮಾತ್ರ ಬೆಳೀತಾ ಹೋಯಿತು.

ಈ ಯಾತ್ರೆಯ ನಡುವೆ ಸೈಬೀರಿಯಾದ ಚುಕ್ಚಿ ಜನಾಂಗದ ಕಾಕೊನಿತಾ ಎಂಬ ಪುಟ್ಟ ಹುಡುಗಿಯನ್ನು ಸಾಕೋಕೆ ತಗೊಂಡ. ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವನು, ಅಮ್ಮ ಇರಲಿಲ್ಲ. ಜೊತೆಗಿರಲಿ ಅಂತ ಕಮಿಲಾ ಎಂಬ ಸ್ವಲ್ಪ ದೊಡ್ಡ ಹುಡುಗಿಯನ್ನೂ ಕರೆತಂದ. ಅವಳಮ್ಮ ಚುಕ್ಚಿ, ಅಪ್ಪ ಆಸ್ಟ್ರೇಲಿಯಾ ಮೂಲದ ವ್ಯಾಪಾರಿ. ಇಬ್ಬರೂ ನಾರ್ವೆಗೆ ಬಂದರು, ಶಾಲೆಗೆ ಹೋದರು, ಅಲ್ಲಿನ ಭಾಷೆ ಕಲಿತರು. 1924ರಲ್ಲಿ ಅಮುಂಡ್‌ಸೆನ್ ದಿವಾಳಿ ಎದ್ದ. ಹುಡುಗಿಯರನ್ನು ವಾಪಸ್ ಕಳಿಸಿಬಿಟ್ಟ.

ಅವನ ಬದುಕಿನಲ್ಲಿ ನನಗೆ ಕ್ಷಮಿಸೋಕೆ ಕಷ್ಟ ಆಗೋದು ಇದೊಂದೇ. ದುಡ್ಡಿರಲಿಲ್ಲ ನಿಜ. ಆದರೆ ಸಾಲ ಇದ್ದರೂ ಹಡಗು, ವಿಮಾನ, ಯಾತ್ರೆಯ ಕನಸು ಯಾವುದನ್ನೂ ಅವನು ಬಿಡಲಿಲ್ಲ. ಬಿಟ್ಟಿದ್ದು ಮಕ್ಕಳನ್ನು. ಒಂದು ಕಾಲದಲ್ಲಿ ಆ ಉತ್ತರದ ಜನರ ಮುಂದೆ ವಿದ್ಯಾರ್ಥಿಯಾಗಿ ಕೂತಿದ್ದ ಮನುಷ್ಯ, ಅಲ್ಲಿನದೇ ಮಕ್ಕಳನ್ನು ಹೀಗೆ ತರಿಸಿ ಹೀಗೆ ಕಳಿಸಬಹುದಾದ ವಸ್ತುಗಳಂತೆ ನಡೆಸಿಕೊಂಡ. ಮರುವರ್ಷ, 1925ರಲ್ಲಿ, ಮೌಡ್ ಹಡಗನ್ನೂ ಸಾಲಗಾರರು ಸಿಯಾಟಲ್‌ನಲ್ಲಿ ಜಪ್ತಿ ಮಾಡಿಸಿದರು.

ಮೇಲಿಂದ ನೋಡಿದರೆ ಮನುಷ್ಯರು ಕಾಣಲ್ಲ

ಅಷ್ಟೊತ್ತಿಗೆ ಅವನ ಕಣ್ಣು ಆಕಾಶದ ಮೇಲಿತ್ತು. 1914ರಲ್ಲೇ ನಾರ್ವೆಯ ಮೊದಲ ನಾಗರಿಕ ಪೈಲಟ್ ಲೈಸೆನ್ಸ್ ಪಡೆದಿದ್ದ. ವರ್ಷಗಟ್ಟಲೆ ನಡೆದು, ತೇಲಿ ಮಾಡೋದನ್ನು ವಿಮಾನದಲ್ಲಿ ಗಂಟೆಗಳಲ್ಲಿ ಮಾಡಬಹುದು ಅನ್ನೋದು ಅವನಿಗೆ ಬೇಗ ಹೊಳೆದಿತ್ತು. ಅಮೆರಿಕದ ಶ್ರೀಮಂತ ಲಿಂಕನ್ ಎಲ್ಸ್‌ವರ್ತ್ ದುಡ್ಡು ಹಾಕಿದ. 1925ರ ಮೇನಲ್ಲಿ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್‌ನಿಂದ ಎರಡು ವಿಮಾನಗಳು ಹೊರಟವು. ಧ್ರುವ ಇನ್ನೂ 250 ಕಿ.ಮೀ. ದೂರ ಇರುವಾಗ ಮಂಜಿನ ಮೇಲೆ ಇಳಿಯಬೇಕಾಯಿತು. ಒಂದು ವಿಮಾನ ಕೆಟ್ಟಿತು. ಆರು ಜನ ಅರೆಹೊಟ್ಟೆಯಲ್ಲಿ ಮೂರು ವಾರಕ್ಕೂ ಹೆಚ್ಚು ಹಿಮ ಕೆರೆದು ರನ್‌ವೇ ಮಾಡಿ, ಒಂದೇ ವಿಮಾನದಲ್ಲಿ ತುರುಕಿಕೊಂಡು ವಾಪಸ್ ಬಂದರು.

ಮರುವರ್ಷ ನೋರ್ಗೆ ಎಂಬ ವಾಯುನೌಕೆ. ಇಟಲಿಯಲ್ಲಿ ಕಟ್ಟಿದ್ದು, ಕಟ್ಟಿದವನು ಮತ್ತು ಓಡಿಸಿದವನು ಉಂಬರ್ಟೊ ನೊಬಿಲೆ. 1926ರ ಮೇ 11ರಂದು ನ್ಯೂ-ಓಲೆಸುಂಡ್ ಬಿಟ್ಟು, 12ರಂದು ಧ್ರುವದ ಮೇಲೆ ಹಾದು, 14ರಂದು ಅಲಾಸ್ಕಾದ ಟೆಲ್ಲರ್ ಎಂಬ ಸಣ್ಣ ಊರಲ್ಲಿ ಇಳಿಯಿತು. ಕುಕ್, ಪಿಯರಿ ಇಬ್ಬರ ಮಾತಿನ ಮೇಲೂ ಇವತ್ತು ಅನುಮಾನ ಇರೋದರಿಂದ, ಸಂಶಯವಿಲ್ಲದೆ ಉತ್ತರ ಧ್ರುವ ಮುಟ್ಟಿದ ಮೊದಲ ಪಯಣ ಇದೇ ಅನ್ನೋ ಇತಿಹಾಸಕಾರರು ಬಹಳ. ಎರಡೂ ಊರುಗಳಲ್ಲಿ ಇವತ್ತು ಸಣ್ಣ ವಿಮಾನ ಪಟ್ಟಿಗಳಿವೆ. ಧ್ರುವದ ಮೇಲಿಂದ ನೇರ ಲೆಕ್ಕ ಹಾಕಿದರೆ ಸುಮಾರು 4,000 ಕಿ.ಮೀ. ನೋರ್ಗೆಗೆ ಮೂರು ದಿನ ಹಿಡಿಯಿತು. ಜೆಟ್ ವಿಮಾನಕ್ಕಾದರೆ ಐದು ಗಂಟೆ ಸಾಕು. ಆದರೆ ಆ ದಾರಿಯಲ್ಲಿ ಟಿಕೆಟ್ ಕೊಂಡು ಹೋಗುವ ವಿಮಾನವೇ ಇಲ್ಲ.

ಇಳಿದ ಮೇಲೆ ಶುರುವಾಗಿದ್ದು ಬಾವುಟದ ಜಗಳ. ಧ್ರುವದ ಮೇಲೆ ಎಸೆದ ಇಟಲಿಯ ಬಾವುಟ ಉಳಿದವರ ಬಾವುಟಗಳಿಗಿಂತ ದೊಡ್ಡದಿತ್ತು ಅನ್ನೋದರಿಂದ ಹಿಡಿದು, ಯಾತ್ರೆ ಯಾರದ್ದು ಅನ್ನೋವರೆಗೆ. ಮುಸೊಲಿನಿಯ ಫ್ಯಾಸಿಸ್ಟ್ ಸರ್ಕಾರ ಇದನ್ನು ಇಟಲಿಯ ವಿಜಯ ಅಂತ ಡಂಗುರ ಹೊಡೆಸಿತು, ನೊಬಿಲೆಗೆ ಜನರಲ್ ಪದವಿ ಕೊಟ್ಟಿತು. ಅಮುಂಡ್‌ಸೆನ್ 1927ರ ಆತ್ಮಕಥೆಯಲ್ಲಿ ನೊಬಿಲೆಯ ಮೇಲೆ ಹರಿಹಾಯ್ದ. ಫ್ಯಾಸಿಸ್ಟರ ಪ್ರಚಾರ ಕೊಳಕಾಗಿತ್ತು, ಸರಿ. ಆದರೆ ಇನ್ನೊಬ್ಬರ ದುಡಿಮೆಯನ್ನು ತನ್ನದು ಮಾಡಿಕೊಳ್ಳುವ ಆಟ ಅಮುಂಡ್‌ಸೆನ್‌ಗೆ ನೋವು ಕೊಟ್ಟಿದ್ದು ಅದು ತನಗೇ ಆದಾಗ. ತೆರಾಯುವಿನ ಹೆಸರಿನಲ್ಲಿ ಯಾರೂ ಯಾವ ಬಾವುಟವನ್ನೂ ಎಸೆದಿರಲಿಲ್ಲ.

ಇಲ್ಲಿ ನನಗೆ ಮುಖ್ಯ ಅನ್ನಿಸೋದು ಇನ್ನೊಂದಿದೆ. ಯೋವಾ ಯಾತ್ರೆಯಲ್ಲಿ ಅವನು ಜನರ ನಡುವೆ ಹಾದುಹೋದ. ನೋರ್ಗೆಯಲ್ಲಿ ಜನರ ಮೇಲಿಂದ ಹಾದುಹೋದ. ಮೊದಲನೆಯದರಲ್ಲಿ ಮೂರು ವರ್ಷ ಹೋಯಿತು, ಮಗ್ಗುಲು ಬದಲಿಸುವಷ್ಟು ವಿದ್ಯೆ ಸಿಕ್ಕಿತು. ಎರಡನೆಯದರಲ್ಲಿ ಮೂರೇ ದಿನ, ಸಿಕ್ಕಿದ್ದು ದಾಖಲೆ ಮತ್ತು ದ್ವೇಷ. ವೇಗ ಬೇಡ ಅಂತಲ್ಲ. ಆದರೆ ವೇಗ ಬಂದಾಗ ಯಾರನ್ನು ಕೇಳೋದು ನಿಂತುಹೋಯಿತು ಅಂತ ನಾವು ಪ್ರಶ್ನೆ ಮಾಡಬೇಕು.

1928ರ ಮೇ 25ರಂದು ನೊಬಿಲೆಯ ಮತ್ತೊಂದು ವಾಯುನೌಕೆ ಇಟಾಲಿಯಾ ಆರ್ಕ್ಟಿಕ್ ಮಂಜಿನ ಮೇಲೆ ಬಿತ್ತು. ಹಗೆ ಬದಿಗಿಟ್ಟು ಅಮುಂಡ್‌ಸೆನ್ ಹುಡುಕೋಕೆ ಹೊರಟ. ಜೂನ್ 18ರಂದು ಟ್ರಾಮ್ಸೋದಿಂದ ಲಾಥಮ್ ಎಂಬ ಫ್ರೆಂಚ್ ವಿಮಾನದಲ್ಲಿ, ಇನ್ನೂ ಐವರ ಜೊತೆ, ಸ್ವಾಲ್ಬಾರ್ಡ್ ಕಡೆ. ಇವತ್ತು ಟ್ರಾಮ್ಸೋದಿಂದ ಸ್ವಾಲ್ಬಾರ್ಡ್‌ನ ಲಾಂಗಿಯರ್‌ಬೈಯೆನ್ ನಿಲ್ದಾಣಕ್ಕೆ ಸುಮಾರು 960 ಕಿ.ಮೀ., ಎರಡು ಗಂಟೆಯೊಳಗಿನ ಹಾರಾಟ. ಆ ವಿಮಾನ ಮಾತ್ರ ಯಾವತ್ತೂ ತಲುಪಲಿಲ್ಲ. ಆಗಸ್ಟ್ ಕೊನೆಗೆ ಸಮುದ್ರದಲ್ಲಿ ಅದರ ರೆಕ್ಕೆಯ ತೇಲುಬುರುಡೆ ಸಿಕ್ಕಿತು. ದೇಹಗಳು ಸಿಗಲಿಲ್ಲ. ಅವನಿಗೆ 55 ವರ್ಷ. ನೊಬಿಲೆಯನ್ನು ಸ್ವೀಡನ್ನಿನ ಪೈಲಟ್ ಒಬ್ಬ ಜೂನ್ 24ರಂದು ಎತ್ತಿಕೊಂಡು ಬಂದ. ಬದುಕುಳಿದಿದ್ದ ಉಳಿದವರನ್ನು ರಕ್ಷಿಸಿದ್ದು ಸೋವಿಯತ್ ಹಡಗು ಕ್ರಾಸಿನ್.

ಇವತ್ತಿನ ಲೆಕ್ಕ

ಜಪ್ತಿಯಾದ ಮೌಡ್ ಏನಾಯಿತು? ಹಡ್ಸನ್ಸ್ ಬೇ ಕಂಪನಿ ಅದನ್ನು ಕೊಂಡು, ಬೇಮೌಡ್ ಅಂತ ಹೆಸರಿಟ್ಟು, ಕೇಂಬ್ರಿಜ್ ಬೇಗೆ ತಂದು ಗೋದಾಮು ಮಾಡಿಕೊಂಡಿತು. 1930ರಲ್ಲಿ ಅದು ಕಟ್ಟಿದಲ್ಲೇ ಮುಳುಗಿತು. ಅಮುಂಡ್‌ಸೆನ್ 1905ರಲ್ಲಿ ಗೆದ್ದುಬಂದ ಅದೇ ಕೊಲ್ಲಿಯ ಊರು.

2016ರ ಒಂದೇ ಬೇಸಿಗೆಯಲ್ಲಿ ಈ ದಾರಿಯಲ್ಲಿ ಮೂರು ಸಂಗತಿ ನಡೆದವು. ನಾರ್ವೆಯವರು ಮೌಡ್ ಅನ್ನು ನೀರಿನಿಂದ ಎತ್ತಿದರು. 2018ರಲ್ಲಿ ಅದು ಊರು ಸೇರಿತು. ಕ್ರಿಸ್ಟಲ್ ಸೆರೆನಿಟಿ ಎಂಬ ಐಷಾರಾಮಿ ಹಡಗು ಸಾವಿರದಷ್ಟು ಪ್ರವಾಸಿಗರನ್ನು ಹೊತ್ತು ವಾಯುವ್ಯ ಮಾರ್ಗ ದಾಟಿತು, ಯಾಕಂದ್ರೆ ಭೂಮಿ ಬಿಸಿಯಾಗಿ ಮಂಜು ಕರಗುತ್ತಿದೆ. ಮೂರನೆಯದು, ಫ್ರಾಂಕ್ಲಿನ್‌ನ ಟೆರರ್ ಹಡಗು ಪತ್ತೆಯಾಯಿತು. ಸುಳಿವು ಕೊಟ್ಟವರು ಜೋ ಹೇವನ್‌ನ ಸ್ಯಾಮಿ ಕೊಗ್ವಿಕ್. ಬೇಟೆಗೆ ಹೋದಾಗ ಮಂಜಿನಿಂದ ಮೇಲೆ ಚಾಚಿದ್ದ ಕಂಬವನ್ನು ಅವರು ಕಂಡಿದ್ದರು. ಎರಡು ವರ್ಷ ಮುಂಚೆ ಎರೆಬಸ್ ಸಿಕ್ಕಾಗಲೂ, ಅದೇ ಊರಿನ ಲೂಯಿ ಕಮೂಕಾಕ್ ಹಿರಿಯರಿಂದ ದಶಕಗಟ್ಟಲೆ ಕೂಡಿಸಿದ್ದ ಬಾಯಿಮಾತಿನ ಇತಿಹಾಸ ನೆರವಾಗಿತ್ತು. 1854ರಲ್ಲಿ ಜಾನ್ ರೇ ಇನುಯಿಟರ ಸಾಕ್ಷ್ಯವನ್ನು ಲಂಡನ್ನಿಗೆ ತಂದಾಗ ಚಾರ್ಲ್ಸ್ ಡಿಕನ್ಸ್‌ನಂಥವರೂ ಅದನ್ನು ನಂಬಲಾಗದ್ದು ಅಂತ ತಳ್ಳಿಹಾಕಿದ್ದರು. 160 ವರ್ಷದ ಮೇಲೆ ಆ ಮಾತೇ ನಿಜ ಅಂತಾಯಿತು.

ಈ ಎರಡು ಊರುಗಳೂ ಇವತ್ತು ನುನಾವುಟ್‌ನಲ್ಲಿವೆ. ಇನುಯಿಟರ ದೀರ್ಘ ಹೋರಾಟ, ಮಾತುಕತೆಯ ಫಲವಾಗಿ 1999ರ ಏಪ್ರಿಲ್ 1ರಂದು ಹುಟ್ಟಿದ ಪ್ರಾಂತ್ಯ ಅದು. ಅಲ್ಲಿನ 25 ಊರುಗಳಲ್ಲಿ ಯಾವೆರಡನ್ನೂ ಸೇರಿಸುವ ರಸ್ತೆ ಇಲ್ಲ. ತರಕಾರಿ, ಹಾಲು, ಔಷಧಿ ವಿಮಾನದಲ್ಲೇ ಬರಬೇಕು, ಇಲ್ಲಾಂದ್ರೆ ಬೇಸಿಗೆಯಲ್ಲಿ ಹಡಗು ಬರೋವರೆಗೆ ಕಾಯಬೇಕು. ಬೆಲೆ ಕೇಳಿದರೆ ಬೆಚ್ಚಿಬೀಳ್ತೀರಿ. ಬಸುರಿಯರು ಹೆರಿಗೆಗೆ ವಾರಗಳ ಮುಂಚೆಯೇ ಮನೆ, ಮಕ್ಕಳನ್ನು ಬಿಟ್ಟು ದೊಡ್ಡ ಊರಿಗೆ ವಿಮಾನ ಹತ್ತುತ್ತಾರೆ. ಹಿಮಗಾಳಿ ಎದ್ದರೆ ವಿಮಾನ ಬರಲ್ಲ. ಒಂದು ಗಂಟೆಯ ದಾರಿ ಎರಡು ದಿನವೂ ಆಗಬಹುದು.

ಹಾಗಾಗಿ ಎರಡು ನಿಲ್ದಾಣಗಳ ನಡುವೆ ಎಷ್ಟು ಹೊತ್ತು ಅನ್ನೋದು ಬರೀ ಗಣಿತ ಅಂತ ನನಗನಿಸಲ್ಲ. ಜೇಬು, ಹವಾಮಾನ, ಅಧಿಕಾರ ಮೂರೂ ಸೇರಿ ಅದನ್ನು ತೀರ್ಮಾನ ಮಾಡುತ್ವೆ. ಮಂಜು ಕರಗಿದ ದಾರಿಯಲ್ಲಿ ಸರಕು ಹಡಗು ಯಾರವು ಹೋಗಬೇಕು, ಆ ನೀರು ಯಾರದ್ದು ಅಂತ ಈಗ ಕೆನಡಾ, ಅಮೆರಿಕ ವಾದ ಮಾಡುತ್ತಿವೆ. ಆ ವಾದದ ಮೇಜಿನಲ್ಲಿ ತೆರಾಯುವಿನ ಮೊಮ್ಮಕ್ಕಳ ಕಾಲದವರಿಗೆ ಕುರ್ಚಿ ಇರಬೇಕು. ಸುಳಿವು ಕೊಡೋಕೆ ಮಾತ್ರ ಅಲ್ಲ, ತೀರ್ಮಾನ ಮಾಡೋಕೆ. ಅಮುಂಡ್‌ಸೆನ್‌ನ ಬದುಕನ್ನು ಓದಿ ಯಾರಾದರೂ ಒಂದೇ ಒಂದು ಪಾಠ ತಗೋಬೇಕು ಅಂದ್ರೆ, ಅವನು ಜೋ ಹೇವನ್‌ನಲ್ಲಿ ಕೂತಿದ್ದ ಆ 23 ತಿಂಗಳನ್ನು ತಗೊಳ್ಳಲಿ ಅಂತೀನಿ ನಾನು.